ಅಟ್ಟದ ಕನ್ನಡಿ

ನನ್ನ ಮದುವೆಯಲ್ಲಿ ಇವರು ನನ್ನ ಮುಖ ನೋಡಲಿಲ್ಲ. ಪಾದ್ರಿಗಳು ಪ್ರಮಾಣ ಹೇಳಿಸುತ್ತಿದ್ದರು. ನಾನು ಮುಸುಕಿನೊಳಗೆ ಬೆವರುತ್ತಾ ನಿಂತಿದ್ದೆ. ಮೇಲೆ ಅಟ್ಟದಲ್ಲಿ ಆಗಿನ ಆರ್ಗನ್ ಮೇಷ್ಟ್ರು ಮೆಲ್ಲಗೆ ನುಡಿಸುತ್ತಿದ್ದ ಹಾಡಿನಲ್ಲಿ ಒಂದು ಸ್ವರ ತಪ್ಪಿತು. ಅಷ್ಟೇ ಸಾಕಾಯಿತು, ಇವರ ಕತ್ತು ಗಕ್ಕನೆ ಹಿಂದಕ್ಕೆ ತಿರುಗಿತು. "ಸಾಯುವ ತನಕ ಕೈಬಿಡುವುದಿಲ್ಲ" ಎಂಬ ಮಾತನ್ನು ಈ ಮನುಷ್ಯ ಹೇಳಿದ್ದು ಅಟ್ಟಕ್ಕೆ, ನನಗಲ್ಲ. ಆಡಿದ ಮಾತಿಗೆ ತಪ್ಪಲೂ ಇಲ್ಲ. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಜಾಗಕ್ಕೆಂದು ಅಟ್ಟ ಹತ್ತಿದವರು ಇವತ್ತಿಗೂ ಪೂರ್ತಿಯಾಗಿ ಇಳಿದಿಲ್ಲ.

ಇವರು ಎಂದರೆ ನನ್ನ ಯಜಮಾನರು. ಭಾನುವಾರ ಬಿಟ್ಟು ಉಳಿದ ದಿನ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ, ನಾನು ಹೊಲಿಯುತ್ತೇನೆ. ರಸ್ತೆಗೆ ಮುಖ ಮಾಡಿದ ನಮ್ಮ ಮುಂದಿನ ಕೋಣೆಯಲ್ಲಿ ಅರ್ಧ ಅವರದು, ಅರ್ಧ ನನ್ನದು. ಅವರ ಕಡೆ ಎಣ್ಣೆ ವಾಸನೆ, ನನ್ನ ಕಡೆ ಇಸ್ತ್ರಿ ವಾಸನೆ. ಮೊದಲು ನನ್ನ ಯಂತ್ರ ಕೆಟ್ಟಿತೆಂದು ರಿಪೇರಿಗೆ ಬಂದವರು, ಅದು ಸರಿಯಾದ ಮೇಲೂ ಬರುತ್ತಲೇ ಇದ್ದರು. ವಿಷಯ ಏನೆಂದು ನಾನೇ ಊಹಿಸಿಕೊಳ್ಳಬೇಕಾಯಿತು. ಬಾಯಿಬಿಟ್ಟು ಹೇಳುವುದು ಅವರ ಜಾಯಮಾನದಲ್ಲೇ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಹಾಗಿದ್ದರೆ ನಮ್ಮ ಮನೆಯಲ್ಲಿ ಬಂಗಾರಕ್ಕೆ ಕೊರತೆಯಿಲ್ಲ.

ನಮ್ಮ ಚರ್ಚು ಚಿಕ್ಕದು. ಬಾಗಿಲಿಂದ ಒಳಗೆ ಬಂದರೆ ಎರಡೂ ಕಡೆ ಬೆಂಚುಗಳು, ನಡುವೆ ಹಾದಿ, ಹಾದಿಯ ಕೊನೆಗೆ ಮೂರು ಮೆಟ್ಟಿಲು, ಮೇಲೆ ದೇವಪೀಠ. ಬಾಗಿಲ ತಲೆಯ ಮೇಲೆಯೇ ಮರದ ಅಟ್ಟ, ಅದರ ಮೇಲೆ ಆರ್ಗನ್. ಎರಡೂ ಕಾಲಲ್ಲಿ ಒಂದೇ ಸಮನೆ ತುಳಿದರೆ ಅದಕ್ಕೆ ಉಸಿರು. ಕಾಲು ನಿಂತರೆ ಉಸಿರೂ ನಿಂತಿತು. ಅದನ್ನು ಗೋಡೆಗೆ ಆನಿಸಿ ಇಟ್ಟಿರುವುದರಿಂದ ನುಡಿಸುವವರ ಬೆನ್ನು ಇಡೀ ಚರ್ಚಿನ ಕಡೆಗಿರುತ್ತದೆ. ಕೆಳಗೆ ಏನು ನಡೆಯುತ್ತಿದೆ ಎಂದು ಕಾಣಬೇಕಲ್ಲ, ಅದಕ್ಕೆ ಇವರು ಗುಜರಿಯಿಂದ ಸ್ಕೂಟರಿನ ಕನ್ನಡಿಯೊಂದನ್ನು ತಂದು ಆರ್ಗನ್ನಿನ ನೆತ್ತಿಗೆ ತಿರುಪು ಹಾಕಿ ಕೂರಿಸಿದ್ದಾರೆ. ಅಂಗೈಯಗಲದ ಆ ಕನ್ನಡಿಯಲ್ಲಿ ಊರಿನ ಮದುವೆಗಳನ್ನೆಲ್ಲ ನೋಡಿದ್ದಾರೆ.

ನೋಡಿದ್ದಾರೆ ಎಂದರೆ ಸುಮ್ಮನೆ ನೋಡುವುದಲ್ಲ. ಇವರ ಕೆಲಸದ ರೀತಿಯೇ ಅದು. ಮದುಮಗಳು ಬಾಗಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಹಾಡು ಶುರು. ಅವಳು ಬೇಗ ನಡೆದರೆ ಹಾಡು ಮೈ ಚಿಕ್ಕದು ಮಾಡಿಕೊಳ್ಳುತ್ತದೆ. ಗೌನಿನ ಅಂಚು ತುಳಿದು ತಡವರಿಸಿದಳೋ, ಹಾಡು ಅಲ್ಲೇ ಒಂದು ಸುತ್ತು ಹೊಡೆದು ಅವಳಿಗಾಗಿ ಕಾಯುತ್ತದೆ. ಅವಳ ಕಾಲು ಮೆಟ್ಟಿಲ ಮುಂದೆ ನಿಂತ ಕ್ಷಣವೇ ಕೊನೆಯ ಸ್ವರ ಬೀಳಬೇಕು. ಆಮೇಲೆ ಪಾದ್ರಿಗಳು ಬಾಯಿ ತೆರೆಯಬೇಕು. ಒಂದು ದಿನವೂ ತಪ್ಪಿಲ್ಲ. ನನ್ನ ಹುಟ್ಟುಹಬ್ಬ ಮಾತ್ರ ಪ್ರತಿ ವರ್ಷ ತಪ್ಪುತ್ತದೆ.

ಆ ಅಟ್ಟದಲ್ಲಿ ನನಗೂ ಒಂದು ಕೆಲಸವುಂಟು. ವರ್ಷಕ್ಕೊಮ್ಮೆ ಇವರು ಆರ್ಗನ್ನನ್ನು ಗೋಡೆಯಿಂದ ಸರಿಸಿ, ಹಿಂದಿನ ಹಲಗೆ ಬಿಚ್ಚಿ, ಒಳಗೆ ತಲೆ ತೂರಿಸಿ ಶ್ರುತಿ ಸರಿ ಮಾಡುತ್ತಾರೆ. ಆಗ ಮುಂದೆ ಕೂತು ಕಾಲಲ್ಲಿ ತುಳಿಯುತ್ತಾ, ಅವರು ಹೇಳಿದ ಕೀಗಳನ್ನು ಒತ್ತಿ ಹಿಡಿಯಲು ಒಬ್ಬರು ಬೇಕು. ಒಳಗಿನಿಂದ "ಒತ್ತು" ಅಂದರೆ ಒತ್ತಬೇಕು, "ಬಿಡು" ಅಂದರೆ ಬಿಡಬೇಕು. ಹುಟ್ಟಿದಾಗಿನಿಂದ ಹೊಲಿಗೆ ಯಂತ್ರ ತುಳಿದ ಕಾಲು ನನ್ನದು, ಆರ್ಗನ್ ಅದಕ್ಕೆ ಲೆಕ್ಕವೇ? ಗಂಡನ ಮಾತನ್ನು ನಾನು ಚಾಚೂ ತಪ್ಪದೆ ಕೇಳುವುದು ವರ್ಷಕ್ಕೆ ಆ ಒಂದು ದಿನ ಮಾತ್ರ.

ನಮಗೆ ಒಬ್ಬಳೇ ಮಗಳು. ಕೈಗೂಸನ್ನು ಮೊದಲ ಸಲ ಚರ್ಚಿಗೆ ಕರೆದುಕೊಂಡು ಹೋದಾಗ, ಆರ್ಗನ್ ಶುರುವಾದದ್ದೇ ತಡ, ತಾನೂ ಕಿರುಚಲು ತೊಡಗಿದಳು. ಆರಾಧನೆ ಮುಗಿದ ಮೇಲೆ ನಾನು ನಾಚಿಕೆಯಿಂದ ಮುದುಡಿ ನಿಂತಿದ್ದರೆ ಇವರು ಅಟ್ಟದಿಂದ ಇಳಿದು ಬಂದು, "ಕೇಳಿದ್ಯಾ? ಅದೇ ಶ್ರುತೀಲಿ ಅತ್ಲು!" ಎಂದು ಎದೆಯುಬ್ಬಿಸಿದರು. ಅಂದಿನಿಂದ ಅವಳು ಪೀಪಿ. ಈಗ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿ ಕೆಲಸ ಮಾಡುತ್ತಾಳೆ, ಜನ ಅವಳನ್ನು ಮೇಡಂ ಅನ್ನುತ್ತಾರೆ, ಮನೆಗೆ ಬಂದರೆ ಅದೇ ಪೀಪಿ. ಕನ್ನಡಕದ ಅಂಗಡಿಯ ಹುಡುಗನೊಬ್ಬ ಅವಳನ್ನು ಮೆಚ್ಚಿದ. ತಾಳ್ಮೆಯ ಹುಡುಗ. ಇವರಿಗೆ ಓದುವ ಕನ್ನಡಕ ಮಾಡಿಕೊಡಲು ಬಂದು, "ಯಾವುದು ಚೆನ್ನಾಗಿ ಕಾಣುತ್ತೆ, ಇದಾ, ಇದಾ?" ಎಂದು ಅರ್ಧ ದಿನ ಕೇಳಬೇಕಾಗಿ ಬಂದರೂ ಹುಡುಗ ಸಿಟ್ಟಾಗಲಿಲ್ಲ. ನಾನು ಅವತ್ತೇ ಒಪ್ಪಿಬಿಟ್ಟೆ.

ಮದುವೆಯ ಏರ್ಪಾಡು ಮಾತಾಡಲು ಪಾದ್ರಿಗಳು ನಮ್ಮನ್ನೆಲ್ಲ ತಮ್ಮ ಕೋಣೆಗೆ ಕರೆದರು. ಎಲ್ಲವನ್ನೂ ಒಂದರ ಹಿಂದೆ ಒಂದರಂತೆ ಮುಗಿಸುವ ಮನುಷ್ಯ. ಯಾವ ಕೀರ್ತನೆಗಳು, ಬೈಬಲ್ ಓದುವವರು ಯಾರು, ಉಂಗುರ ಯಾರ ಜೇಬಿನಲ್ಲಿ, ಹೂವಿನವರು ಬೆಂಚಿಗೆ ಮೊಳೆ ಹೊಡೆಯಬಾರದು, ಫೋಟೊದವರು ಮೆಟ್ಟಿಲು ಹತ್ತಬಾರದು. ಎಲ್ಲ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಾಗುತ್ತಿತ್ತು. ಆಮೇಲೆ ಕೇಳಿದರು, "ಮಗಳನ್ನ ಕರ್ಕೊಂಡು ಬರೋದು ಯಾರು?"

"ಅಪ್ಪ" ಎಂದಳು ಪೀಪಿ. "ಇವರೇ" ಎಂದೆ ನಾನು. ಅದೇ ಉಸಿರಿನಲ್ಲಿ ಇವರು, "ಹಾಗಾದ್ರೆ ಆರ್ಗನ್?" ಎಂದರು.

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, "ಇದು ಚಿಕ್ಕ ವಿಷಯ ಅಲ್ಲ. ಮೆಟ್ಟಿಲ ಹತ್ರ ಬಂದು ನಿಂತ್ಮೇಲೆ, 'ಈ ಮಗಳನ್ನು ಒಪ್ಪಿಸಿಕೊಡುವವರು ಯಾರು?' ಅಂತ ನಾನು ಕೇಳ್ತೀನಿ. ಕರ್ಕೊಂಡು ಬಂದವರು 'ನಾನು' ಅಂತ ಗಟ್ಟಿಯಾಗಿ ಹೇಳ್ಬೇಕು. ಅಟ್ಟದಿಂದ ಕೂಗೋದಕ್ಕಾಗಲ್ಲ" ಎಂದರು.

"ಅಪ್ಪ, ಒಂದು ದಿನ ಬೇರೆ ಯಾರಾದ್ರೂ ನುಡಿಸ್ಲಿ ಬಿಡು" ಎಂದಳು ಪೀಪಿ.

"ಯಾರು?" ಎಂದರು ಇವರು. ಮುಂದಿನ ಕೆಲವು ವಾರ ನಮ್ಮ ಮನೆಯಲ್ಲಿ ಕೇಳಿಬಂದದ್ದು ಆ ಒಂದೇ ಪ್ರಶ್ನೆ.

ಮೊದಲು ಸಿಕ್ಕಿದವರು ಮಕ್ಕಳಿಗೆ ಕೀಬೋರ್ಡ್ ಕಲಿಸುವ ಮೇಷ್ಟ್ರು. ಬೆರಳು ಚುರುಕು. ಆದರೆ ಕಾಲು? ಕೀಬೋರ್ಡಿಗೆ ಕರೆಂಟು ಇರುತ್ತದೆ, ತುಳಿದು ಅಭ್ಯಾಸವಿಲ್ಲ. ಹಾಡಿನ ಮೇಲೆ ಮನಸ್ಸಿಟ್ಟರೆ ಕಾಲು ಮರೆಯಿತು, ಕಾಲಿನ ಮೇಲೆ ಮನಸ್ಸಿಟ್ಟರೆ ಹಾಡು ಮರೆಯಿತು. ಆರ್ಗನ್ ಉಬ್ಬಸ ಬಂದ ಮುದುಕನ ಹಾಗೆ ಏದುಸಿರು ಬಿಟ್ಟಿತು. "ಈ ಪೆಟ್ಟಿಗೆ ಹಳೇದಾಯ್ತು ಸಾರ್" ಎಂದರು ಮೇಷ್ಟ್ರು ಬೆವರು ಒರೆಸಿಕೊಂಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವರು ಆರ್ಗನ್ನಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಯಾರೋ ಅದರ ಮನಸ್ಸು ನೋಯಿಸಿದ್ದಾರೆ ಎಂಬಂತೆ ಒಮ್ಮೆ ಸವರಿದರು.

"ಹಾಗಾದ್ರೆ ಮೇಷ್ಟ್ರು ತಮ್ಮ ಕೀಬೋರ್ಡೇ ತರ್ಲಿ, ಇಲ್ಲಾಂದ್ರೆ ಮೊಬೈಲಲ್ಲಿ ಹಾಡು ಹಾಕಿ ಸ್ಪೀಕರಿಗೆ ಕೊಡಿ" ಎಂದೆ.

"ಡಬ್ಬಿ ಹಾಡಿಗೆ ನನ್ನ ಮಗಳು ನಡೀಬೇಕಾ? ಅವಳು ಎಡವಿದ್ರೆ ಡಬ್ಬಿ ಕಾಯುತ್ತಾ?"

ನಾನು ಮೊಬೈಲಿನ ಮಾತನ್ನು ಅಲ್ಲಿಗೇ ಬಿಟ್ಟೆ.

ಸಂದು ಸಿಕ್ಕಿದ್ದೇ ತಡ ನನ್ನ ತಮ್ಮ ನುಗ್ಗಿದ. ಬಸ್ ನಿಲ್ದಾಣದಲ್ಲಿ ಬಸ್ಸುಗಳ ಸಮಯ ಕೂಗುವ ಕೆಲಸ ಅವನದು. ಮೈಕು ಎಂದೇ ಎಲ್ಲರೂ ಕರೆಯುತ್ತಾರೆ. ಮೈಕಿಲ್ಲದೆಯೂ ಅವನ ದನಿ ಎರಡು ಬೀದಿಗೆ ಕೇಳುತ್ತದೆ. "ಸೋದರಮಾವ ಅಂತ ನಾನೊಬ್ಬ ಇರೋದು ಯಾತಕ್ಕಕ್ಕಾ? ಭಾವ ಮೇಲಿರ್ಲಿ, ಕೆಳಗೆ ನಾನು ನೋಡ್ಕೋತೀನಿ" ಎಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ. ಇವರ ಮುಖ ಅರಳಿತು. ಮೈಕು ಮರುದಿನವೇ ಕಂದು ಬಣ್ಣದ ಸೂಟಿನ ಬಟ್ಟೆ ತಂದು ನನ್ನ ಯಂತ್ರದ ಮೇಲೆ ಹಾಕಿದ. ಅಳತೆ ತೆಗೆಯುವಾಗ ಕನ್ನಡಿಯ ಮುಂದೆ ನಿಂತು "ನಾನು" ಎಂದು ಅಭ್ಯಾಸ ಮಾಡಿದ. ಒಮ್ಮೆ ಗಂಭೀರವಾಗಿ, ಒಮ್ಮೆ ಗದ್ಗದವಾಗಿ, ಒಮ್ಮೆ ಬಸ್ಸು ಬಂತು ಅನ್ನುವ ಹಾಗೆ.

"ಸರಿ, ಮಾವನೇ ಬರ್ಲಿ" ಎಂದಳು ಪೀಪಿ. ಅಷ್ಟೇ. ಜಗಳವಾಡಿದ್ದರೆ ನನಗೆ ಇಷ್ಟು ಚಿಂತೆಯಾಗುತ್ತಿರಲಿಲ್ಲ. ಮೌನದಲ್ಲಿ ಅವಳು ಥೇಟ್ ಅಪ್ಪನ ಮಗಳು.

ಒಂದು ಮಧ್ಯಾಹ್ನ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಗೌನಿನ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದೆ. ಕೋಣೆಯ ನಡುವಿನ ಪರದೆಯ ಆಚೆ ಇವರಿರಲಿಲ್ಲ, ಯಾರದೋ ಯಂತ್ರ ನೋಡಲು ಹೋಗಿದ್ದರು. ಮೇಲಿನಿಂದ ಒಂದು ಹನಿ ನನ್ನ ಕೈಮೇಲೆ ಬಿತ್ತು. ಬಿಳಿ ಸ್ಯಾಟಿನ್ನಿಗೆ ಕಲೆಯಾಗುತ್ತದೆ ಎಂದು ಮೊದಲು ಹೆದರಿದ್ದು ನಿಜ, ದರ್ಜಿಯ ಬುದ್ಧಿ.

"ಏನಾಯ್ತೇ?"

"ಚಿಕ್ಕಂದಿನಿಂದ ಎಲ್ಲರ ಮದುವೇಲೂ ನಾನು ಅಪ್ಪನ ಬೆನ್ನೇ ನೋಡಿದ್ದು, ಅಮ್ಮ. ಕೆಳಗೆ ಕೂತು ತಲೆ ಎತ್ತಿದ್ರೆ ಬೆನ್ನು. ಬೇರೆ ಹುಡುಗೀರ ಅಪ್ಪಂದಿರು ಅವರ ಜೊತೆ ನಡೀತಿದ್ರು. ನಂಗೂ ಒಂದಿನ ಬರುತ್ತೆ ಬಿಡು ಅಂದ್ಕೋತಿದ್ದೆ. ನನ್ನ ಮದುವೇಲೂ ಬೆನ್ನೇನಾ?"

ನನಗೆ ಇವರ ಮೇಲೆ ಕೆಟ್ಟ ಸಿಟ್ಟು ಬಂತು. ಸಂಜೆ ಬಂದ ಮೇಲೆ ಹೇಳಿದೆ, ಕೂಗಾಡಿದೆ, ಇಸ್ತ್ರಿ ಪೆಟ್ಟಿಗೆ ಕುಕ್ಕಿದೆ. ಅವರು ತಲೆ ತಗ್ಗಿಸಿಕೊಂಡು ಯಾವುದೋ ಹೊಲಿಗೆ ಯಂತ್ರದ ಬಾಬಿನ್ ಪೆಟ್ಟಿಗೆಯನ್ನು ಒರೆಸುತ್ತಾ ಕೂತರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನೋಣವೆಂದರೆ, ನಮ್ಮ ಮನೆಯಲ್ಲಿ ಬಾರಿಸುವುದೂ ಕೋಣವೇ.

ಮದುವೆಯ ಹಿಂದಿನ ಸಂಜೆ ಚರ್ಚಿನಲ್ಲಿ ತಾಲೀಮು. ಹೂವಿನವರು ಬೆಂಚುಗಳಿಗೆ ರಿಬ್ಬನ್ನು ಕಟ್ಟುತ್ತಿದ್ದರು. ಕನ್ನಡಕದ ಹುಡುಗ ಮೆಟ್ಟಿಲ ಹತ್ತಿರ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತಿದ್ದ. ಪೀಪಿ ದಿನದ ಉಡುಪಿನಲ್ಲೇ, ಹೂಗುಚ್ಛದ ಬದಲು ನನ್ನ ಕೈಚೀಲ ಹಿಡಿದುಕೊಂಡು, ಮೈಕುವಿನ ತೋಳು ಹಿಡಿದು ಬಾಗಿಲಲ್ಲಿ ನಿಂತಳು. ಪಾದ್ರಿಗಳು ಕೈ ಎತ್ತಿದರು. ಹಾಡು ಶುರುವಾಯಿತು.

ಎಷ್ಟೋ ಸಲ ಕೇಳಿದ ಹಾಡು. ಆದರೂ ಅವತ್ತು ಹೊಸದಾಗಿ ಕೇಳಿದಂತಿತ್ತು, ಅಷ್ಟು ಮೃದುವಾಗಿ ನುಡಿಸುತ್ತಿದ್ದರು. ಪೀಪಿ ನಡೆದು ಬಂದಳು. ಮೆಟ್ಟಿಲ ಮುಂದೆ ನಿಂತಳು. ಹಾಡು ಮುಗಿಯಲಿಲ್ಲ. ಇನ್ನೊಂದು ಸುತ್ತು ಹೊಡೆಯಿತು. ಪಾದ್ರಿಗಳು ತೆರೆದ ಬಾಯಿ ಮುಚ್ಚಿದರು. ಹಾಡು ಮತ್ತೆ ಕೊನೆಗೆ ಬಂದು, ಹೊಸ್ತಿಲ ತನಕ ಬಂದು ವಾಪಸು ಹೋದವರ ಹಾಗೆ, ಮತ್ತೆ ಮೊದಲಿಗೆ ಹೋಯಿತು.

"ರೀ, ಬಂದಾಯ್ತು ಅವಳು!" ಎಂದು ಕೆಳಗಿನಿಂದ ಕೂಗಿದೆ. ಹಾಡು ನಡುವೆಯೇ ಕಡಿದು ಬಿತ್ತು.

"ಪೆಡಲು ಸಿಕ್ಕಿಕೊಳ್ತು" ಎಂದು ಮೇಲಿನಿಂದ ದನಿ ಬಂತು.

ಪೆಡಲಿನ ವಿಷಯ ನನಗೆ ಹೇಳುತ್ತಾರೆ! ದಡದಡ ಮೆಟ್ಟಿಲು ಹತ್ತಿದೆ. ಪೆಡಲು ಸಿಕ್ಕಿರಲಿಲ್ಲ. ಇವರು ಕರವಸ್ತ್ರದಲ್ಲಿ ಸ್ಕೂಟರ್ ಕನ್ನಡಿಯನ್ನು ಒರೆಸುತ್ತಿದ್ದರು. ಕನ್ನಡಿ ಸ್ವಚ್ಛವಾಗಿಯೇ ಇತ್ತು. ಒರೆಸಬೇಕಾದದ್ದು ಬೇರೆ ಎರಡಿದ್ದವು.

"ಏನ್ರೀ ಇದು?"

ಕನ್ನಡಿ ಒರೆಸುತ್ತಲೇ ಹೇಳಿದರು, "ಅವಳು ನಿಂತ ಕೂಡಲೇ ನಾನು ಬೆರಳು ಎತ್ತಬೇಕು. ಎತ್ತಿದ್ರೆ ಮುಗೀತು, ಅವಳು ಆ ಕಡೆಯವಳು. ಎಲ್ಲರ ಮಕ್ಕಳಿಗೂ ಸಲೀಸಾಗಿ ಎತ್ತಿದೀನಿ. ನನ್ನ ಮಗಳಿಗೆ ಬೆರಳು ಏಳ್ತಾ ಇಲ್ಲ ಕಣೇ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆದರೂ ದನಿ ಬಿಗಿಯಾಗಿಯೇ ಇಟ್ಟುಕೊಂಡು, "ಅಷ್ಟು ಪ್ರೀತಿ ಇದ್ರೆ ಕೆಳಗೆ ಬಂದು ಅವಳ ಕೈ ಹಿಡ್ಕೊಂಡು ನಡೀರಿ" ಎಂದೆ.

"ಕನ್ನಡೀಲಾದ್ರೆ ಹೇಗೋ ನೋಡ್ತೀನಿ. ಚಿಕ್ಕದಾಗಿ ಕಾಣ್ತಾಳೆ. ಪಕ್ಕದಲ್ಲಿ ನಿಂತು ನೋಡೋಕೆ ನನ್ನ ಕೈಲಾಗಲ್ಲ. ಎಲ್ಲರ ಎದುರಿಗೆ ಅತ್ತುಬಿಡ್ತೀನಿ."

"ಅಳಿ! ಮಗಳ ಮದುವೇಲಿ ಅಪ್ಪ ಅಳ್ದೆ ಇನ್ಯಾರು ಅಳ್ಬೇಕು, ಫೋಟೊದವನಾ?"

ಅವರು ಆಗುವುದಿಲ್ಲವೆಂದು ತಲೆಯಾಡಿಸಿದರು. ಕೆಳಗೆ ಎರಡನೆಯ ಸಲ ತಾಲೀಮು ಶುರುವಾಯಿತು. ಈ ಸಲ ನಾನು ಪಕ್ಕದಲ್ಲೇ ನಿಂತು, ಪೀಪಿ ನಿಂತ ಕೂಡಲೇ ಅವರ ಭುಜಕ್ಕೆ ತಟ್ಟಿದೆ. ಹಾಡು ಸರಿಯಾಗಿ ಮುಗಿಯಿತು. ಕೆಳಗೆ ಮೈಕು "ನಾನು!" ಎಂದದ್ದು ಚಾವಣಿಗೆ ಬಡಿದು ವಾಪಸು ಬಂತು. ನಾಳೆ ಮಾತ್ರ ನಾನು ಮೇಲಿರಲಾರೆ. ಮದುಮಗಳ ತಾಯಿ ಮೊದಲ ಬೆಂಚಿನಲ್ಲಿರಬೇಕು. "ಭುಜ ನೀವೇ ತಟ್ಕೊಳ್ಳಿ" ಎಂದು ಹೇಳಿ ಇಳಿದೆ.

ಮನೆಗೆ ಹೋಗುವ ದಾರಿಯಲ್ಲಿ ಇವರು ಮುಂದೆ ಮುಂದೆ ನಡೆಯುತ್ತಿದ್ದರು. ನಾನು ಪೀಪಿಗೆ ನಡೆದದ್ದನ್ನು ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ನಿಂತುಬಿಟ್ಟಳು. "ಅಳೋಕೆ ಹೆದರಿಕೇನಾ? ನಂಗೆ ಬೇಕಾಗಿರೋದು ಅಪ್ಪನ ಮುಖ ಅಮ್ಮ. ಒಣಗಿದ್ರೂ ಸರಿ, ಒದ್ದೆಯಾಗಿದ್ರೂ ಸರಿ" ಎಂದಳು. ಆಮೇಲೆ ಮುಂದೆ ಹೋಗುತ್ತಿದ್ದ ಆ ಬೆನ್ನನ್ನು ನೋಡಿ, "ಕೋಟಿನ ಹಿಂದೆ ಹೊಲಿಗೆ ಬಿಟ್ಟಿದೆ, ನೋಡು" ಎಂದಳು. ನಿಜ, ಬಿಟ್ಟಿತ್ತು. ಮನೆಗೆ ಹೋದ ಕೂಡಲೇ ಹೊಲಿದೆ.

ಮದುವೆಯ ಬೆಳಿಗ್ಗೆ ಮನೆಯಲ್ಲಿ ಒಬ್ಬರ ಕಾಲಿಗೆ ಒಬ್ಬರು ಸಿಕ್ಕುತ್ತಿದ್ದೆವು. ಮೈಕು ಕಂದು ಸೂಟು ಹಾಕಿಕೊಂಡು ಕೂರಲೂ ಒಪ್ಪದೆ ನಿಂತೇ ಚಹಾ ಕುಡಿದ, ಮಡಿಕೆ ಬೀಳುತ್ತದಂತೆ. ಇವರು ಎಲ್ಲರಿಗಿಂತ ಮೊದಲೇ ಚರ್ಚಿಗೆ ಹೊರಟರು. ಹೊರಡುವ ಮುಂಚೆ ಪೀಪಿಯ ಕೋಣೆಯ ಬಾಗಿಲ ತನಕ ಹೋದರು. ಬಾಗಿಲು ಓರೆಯಾಗಿತ್ತು. ತಟ್ಟಲು ಎತ್ತಿದ ಕೈಯನ್ನು ಕೆಳಗಿಳಿಸಿ, "ಹೂವಿನವರು ಬಂದ್ರಾ?" ಎಂದು ಯಾರಿಗೂ ಅಲ್ಲದ ಒಂದು ಪ್ರಶ್ನೆ ಕೇಳಿ ಹೊರಟುಹೋದರು.

ಚರ್ಚು ತುಂಬಿತ್ತು. ನಾನು ಮೊದಲ ಬೆಂಚಿನ ಹಾದಿಯ ಕಡೆಯ ತುದಿಯಲ್ಲಿ ಕೂತೆ. ಗಂಟೆ ಬಾರಿಸಿತು. ಎಲ್ಲರೂ ಎದ್ದು ಬಾಗಿಲ ಕಡೆ ತಿರುಗಿದರು. ಬಿಳಿ ಗೌನಿನಲ್ಲಿ ಪೀಪಿ, ಪಕ್ಕದಲ್ಲಿ ಮೈಕು, ತಲೆಯ ಮೇಲೆ ಅಟ್ಟದಲ್ಲಿ ಒಂದು ಬೆನ್ನು. ಹಾಡು ಶುರುವಾಯಿತು.

ಅವಳು ನಿಧಾನವಾಗಿ ಬಂದಳು. ಅಂಚು ಎಲ್ಲೂ ಕಾಲಿಗೆ ಸಿಗಲಿಲ್ಲ, ನಾನು ಹೊಲಿದದ್ದಲ್ಲವೇ. ನನ್ನ ಬೆಂಚನ್ನು ದಾಟುವಾಗ ನನ್ನ ಕಡೆ ನೋಡಿ ನಕ್ಕಳು. ಮೆಟ್ಟಿಲ ಮುಂದೆ ನಿಂತಳು. ಕನ್ನಡಕದ ಹುಡುಗ ಉಸಿರು ಬಿಗಿಹಿಡಿದ. ಹಾಡು ಕೊನೆಗೆ ಬಂತು.

ಮತ್ತೆ ಮೊದಲಿಗೆ ಹೋಯಿತು.

ಒಂದು ಸುತ್ತು ಯಾರಿಗೂ ತಿಳಿಯಲಿಲ್ಲ. ಎರಡನೆಯ ಸುತ್ತಿಗೆ ಪಾದ್ರಿಗಳು ಮೇಲೆ ನೋಡಿದರು. ಮೂರನೆಯದಕ್ಕೆ ಬೆಂಚುಗಳಲ್ಲಿ ತಲೆಗಳು ಆಡಿದವು. "ಭಾವನಿಗೆ ಏನಾಯ್ತಕ್ಕಾ?" ಎಂದು ಮೈಕು ಪಿಸುಗುಟ್ಟಿದ, ಅವನ ಪಿಸುಮಾತು ಹಿಂದಿನ ಬೆಂಚಿಗೂ ಕೇಳಿತು. ಪೀಪಿ ತಿರುಗಲಿಲ್ಲ. ನೆಟ್ಟಗೆ ನಿಂತಿದ್ದಳು.

ನಾನು ಎದ್ದೆ. ಮದುಮಗಳ ತಾಯಿ ಮದುವೆಯ ನಡುವೆ ಎದ್ದು, ಮದುಮಗಳು ಬಂದ ಹಾದಿಯಲ್ಲೇ ತಿರುಗಿ ನಡೆದದ್ದನ್ನು ಆ ಚರ್ಚು ಹಿಂದೆಂದೂ ಕಂಡಿರಲಾರದು. ಕಾಣಲಿ. ಬಾಗಿಲ ಪಕ್ಕದ ಮರದ ಮೆಟ್ಟಿಲುಗಳನ್ನು ಹೊಸ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದೆ.

ಇವರು ಕನ್ನಡಿಯನ್ನೇ ನೋಡುತ್ತಾ ನುಡಿಸುತ್ತಿದ್ದರು. ಕಣ್ಣಿಂದ ಇಳಿದದ್ದು ಗಲ್ಲದ ತನಕ ಬಂದಿತ್ತು, ಎರಡೂ ಕೈ ಕೆಲಸದಲ್ಲಿ, ಒರೆಸುವವರಿಲ್ಲ. ನಾನು ಬಂದದ್ದು ತಿಳಿದು, "ನಿಲ್ಸೋಕಾಗ್ತಿಲ್ಲ" ಎಂದರು.

"ನಿಲ್ಲಿಸ್ಬೇಡಿ. ಏಳಿ."

"ಆಂ?"

"ಏಳಿ ಅಂದೆ. ಕಾಲು ನಾನು ತುಳೀತೀನಿ. ಕೊನೆ ಸ್ವರಕ್ಕೆ ಬೆರಳು ಎಲ್ಲಿಡ್ಬೇಕು, ಅದನ್ನ ತೋರ್ಸಿ."

ಅವರು ನನ್ನ ಮುಖ ನೋಡಿದರು. ಇಷ್ಟು ವರ್ಷದ ಸಂಸಾರದಲ್ಲಿ ಆರ್ಗನ್ ನುಡಿಸುತ್ತಾ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು. ನಾನು ಬೆಂಚಿನಲ್ಲಿ ಅವರ ಪಕ್ಕಕ್ಕೆ ಜರುಗಿ ಕೂತೆ. ಅವರ ಒಂದು ಕಾಲು ಪೆಡಲು ಬಿಟ್ಟಿತು, ನನ್ನದು ಹಿಡಿಯಿತು; ಇನ್ನೊಂದು ಬಿಟ್ಟಿತು, ನನ್ನದು ಹಿಡಿಯಿತು. ಉಸಿರು ಎಲ್ಲೂ ಕಡಿಯಲಿಲ್ಲ. ಹಾಡು ಕೊನೆಗೆ ಬಂತು, ಈ ಸಲ ಹಿಂದೆ ಹೋಗಲಿಲ್ಲ, ಅಲ್ಲೇ ನಿಂತಿತು. ಆ ನಿಂತ ಸ್ವರಗಳ ಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ತಮ್ಮ ಬೆರಳ ಕೆಳಗೆ ತೂರಿಸಿ ಇಟ್ಟರು. ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಒಂದು.

"ಒತ್ತು" ಎಂದರು.

ಒತ್ತಿದೆ.

"ನಾನು ಅವಳ ಪಕ್ಕದಲ್ಲಿ ನಿಂತ್ಮೇಲೆ ಬಿಡು."

"ಹೋಗ್ರೀ ಮೊದ್ಲು."

ಅವರು ಹೋದ ಮೇಲೆ ನೋಡುತ್ತೇನೆ, ಅವರ ಬೂಟು ನನ್ನ ಕಾಲ ಹತ್ತಿರವೇ ಇದೆ. ಪೆಡಲು ತುಳಿಯುವಾಗ ಬೂಟು ಬಿಚ್ಚಿಡುತ್ತಾರೆ, ಯಾವಾಗಲೂ. ಕೂಗೋಣವೆಂದರೆ ಆಗಲೇ ಕೆಳಗಿಳಿದಿದ್ದರು. ತಲೆ ಎತ್ತಿ ಕನ್ನಡಿ ನೋಡಿದೆ.

ಹೀಗೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಡೀ ಚರ್ಚು ಒಂದು ಅಂಗೈಯಲ್ಲಿತ್ತು. ಅಂಚುಗಳಲ್ಲಿ ಬೆಂಚುಗಳು ಬಾಗಿದ್ದವು, ಹಾದಿ ಉದ್ದವಾಗಿತ್ತು, ಹಾದಿಯ ಕೊನೆಯಲ್ಲಿ ಬೆರಳುಗುರಿನಷ್ಟು ಬಿಳಿ. ಆ ಬಿಳಿಯ ಕಡೆಗೆ ಒಬ್ಬ ಗಂಡಸು ಕಾಲುಚೀಲದಲ್ಲಿ ನಡೆದುಕೊಂಡು ಹೋಗುತ್ತಿದ್ದ. ಮಗಳ ಮದುವೆಯಲ್ಲಿ ಇಡೀ ಊರಿನ ಮುಂದೆ, ದರ್ಜಿಯ ಗಂಡ, ತೂತಾದ ಕಾಲುಚೀಲದಲ್ಲಿ! ನನ್ನ ಕಾಲು ತುಳಿಯುತ್ತಲೇ ಇತ್ತು. ಆ ಕೊನೆಯ ಸ್ವರ ಚರ್ಚಿನ ತುಂಬ ನಿಂತಿತ್ತು, ಜನರೂ ನಿಂತಿದ್ದರು.

ಪೀಪಿ ತಿರುಗಿದಳು. ನೋಡಿದಳು. ಮೈಕುವಿನ ತೋಳು ಬಿಟ್ಟು ಎರಡು ಹೆಜ್ಜೆ ಓಡಿದಳು ಅನ್ನಿಸುತ್ತದೆ, ಕನ್ನಡಿಯಲ್ಲಿ ಬಿಳಿ ದೊಡ್ಡದಾಯಿತು. ನನ್ನ ತಮ್ಮನ ಬಗ್ಗೆ ನಾನು ಏನೇ ಹೇಳಲಿ, ಆ ಹೊತ್ತಿನಲ್ಲಿ ಅವನು ಒಂದು ಮಾತಾಡದೆ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಇವರು ಮಗಳ ಕೈ ಹಿಡಿದುಕೊಂಡರು. ಇಬ್ಬರೂ ಮೆಟ್ಟಿಲ ಮುಂದೆ ಹೋಗಿ ನಿಂತರು.

ಈಗ ಬಿಡಬೇಕು. ಹೇಳಿದ್ದು ಅಷ್ಟೇ ತಾನೇ? ಬೆರಳು ಏಳಲಿಲ್ಲ. ನಿನ್ನೆ ಸಂಜೆ ಅವರು ಹೇಳಿದ್ದು ನನಗೆ ಆಗ ಅರ್ಥವಾಯಿತು. ಆ ಸ್ವರ ಇರುವ ತನಕ ಅವಳು ನಮ್ಮ ಮನೆಯ ಪೀಪಿ. ಇನ್ನೆರಡು ಸಲ ತುಳಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಕೈ ಎತ್ತಿದೆ.

ಚರ್ಚು 'ಝಂ' ಎಂದು ನಿಶ್ಶಬ್ದವಾಯಿತು.

"ಈ ಮಗಳನ್ನು ಒಪ್ಪಿಸಿಕೊಡುವವರು ಯಾರು?" ಎಂದು ಪಾದ್ರಿಗಳು ಕೇಳಿದರು.

ಒಂದೇ ಪದ ಹೇಳಬೇಕಿತ್ತು. ನನ್ನ ತಮ್ಮ ಮೂರು ಥರ ಅಭ್ಯಾಸ ಮಾಡಿದ್ದ ಪದ, ಇವರು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ಇವರ ಬಾಯಿಂದ ಮಾತು ಹೊರಡಲಿಲ್ಲ. ಅಯ್ಯೋ ದೇವರೇ, ಒಂದು ಪದ ಕೊಡಪ್ಪಾ ಈ ಮನುಷ್ಯನಿಗೆ ಎಂದು ನಾನು ಅಟ್ಟದಲ್ಲಿ ಕೂತು ಬೇಡಿಕೊಂಡೆ.

ಆಗ ಇವರ ಕತ್ತು ಗಕ್ಕನೆ ಹಿಂದಕ್ಕೆ ತಿರುಗಿತು. ಅವತ್ತಿನ ಹಾಗೆಯೇ, ದೇವಪೀಠಕ್ಕೆ ಬೆನ್ನು ಮಾಡಿ, ತಲೆ ಎತ್ತಿ ಅಟ್ಟದ ಕಡೆ ನೋಡಿದರು. ಕನ್ನಡಿಯಲ್ಲಿ ಅವರ ಮುಖ ಕಂಡಿತು, ಪೂರಾ ಒದ್ದೆ.

"ನಾವು" ಎಂದರು, ಗಟ್ಟಿಯಾಗಿ.

ಈ ಸಲ ಅಟ್ಟದಲ್ಲಿ ನಾನಿದ್ದೆ.